ಐಸ್ ತೇಲುತ್ತಲ್ಲ ಮಿಸ್?

ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಕ್ಕಳು ಮತ್ತು ಅವರ ಅಪ್ಪ-ಅಮ್ಮಂದಿರ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೇಳಿದ್ದಕ್ಕೆ ಬರೆದಿದ್ದೇನೆ. ನಡುವೆ ಮೈಕ್ ಕೈಕೊಟ್ಟು ಹಾಳಾದ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಸ್ಟೀಲ್ ಚಮಚ, ಎರಡು ಮೊಳ ದಾರ ಕೊಟ್ಟಿದ್ದೇವೆ. ಚಮಚ ನೋಡಿ ಉಪ್ಪಿಟ್ಟು ಬರುತ್ತೆ ಅಂದುಕೊಂಡವರು ಕ್ಷಮಿಸಬೇಕು. ಕಾಫಿ ಮಾತ್ರ ಬರುತ್ತದೆ, ಅದೂ ಕುಡಿಯುವುದಕ್ಕಲ್ಲ.

ದಾರದ ನಡುಭಾಗವನ್ನು ಚಮಚದ ಹಿಡಿಗೆ ಗಂಟು ಹಾಕಿ. ಎರಡು ತುದಿಗಳನ್ನು ಎರಡು ತೋರುಬೆರಳಿಗೆ ಎರಡೆರಡು ಸುತ್ತು ಸುತ್ತಿ. ಚಮಚ ನೇತಾಡಲಿ. ಈಗ ಸ್ವಲ್ಪ ಬಾಗಿ, ಅದು ಮುಂದಿನ ಕುರ್ಚಿಗೆ ತಾಗುವ ಹಾಗೆ ತೂಗಿ. ಏನು ಕೇಳಿಸಿತು? ಟಿಣ್. ಅಷ್ಟೇ. ಅಡುಗೆಮನೆಯಲ್ಲಿ ದಿನಾ ಕೇಳುವ ಸದ್ದು.

ಈಗ ದಾರ ಸುತ್ತಿದ ಬೆರಳುಗಳನ್ನೇ ಎರಡು ಕಿವಿಯೊಳಗೆ ಇಟ್ಟುಕೊಳ್ಳಿ. ಗಟ್ಟಿಯಾಗಿ. ಮತ್ತೆ ಬಾಗಿ, ಮತ್ತೆ ತಾಗಿಸಿ.

(ಇಲ್ಲಿ ಸಭೆಯಲ್ಲಿ ಒಂದು ನಿಮಿಷ ಗದ್ದಲ. ಹಿಂದಿನ ಸಾಲಿನ ಅಜ್ಜನೊಬ್ಬರು "ಅಯ್ಯೋ, ದೇವಸ್ಥಾನದ ಗಂಟೆ!" ಎಂದರು. ಸರಿಯಾಗಿಯೇ ಹೇಳಿದರು.)

ಅದೇ ಚಮಚ, ಅದೇ ಕುರ್ಚಿ. ಮೊದಲು ಬಂದದ್ದು ಟಿಣ್, ಆಮೇಲೆ ಬಂದದ್ದು ಢಂ... ಎಂದು ಎಳೆಯುವ ಗಂಟೆ. ಚಮಚ ಎರಡು ಸಲವೂ ಒಂದೇ ಥರ ನಡುಗಿದೆ. ಮೊದಲ ಸಲ ಆ ನಡುಕ ಗಾಳಿಯ ದಾರಿಯಲ್ಲಿ ಬಂತು. ಸಣ್ಣ ಚಮಚ ಗಾಳಿಯನ್ನು ಎಷ್ಟು ತಾನೇ ತಳ್ಳೀತು? ಅದರ ದಪ್ಪ ಸ್ವರಗಳು ಗಾಳಿಗೆ ದಾಟಲೇ ಇಲ್ಲ. ಎರಡನೇ ಸಲ ದಾರ, ಬೆರಳು, ತಲೆಬುರುಡೆಯ ಮೂಳೆ, ಒಳಗಿವಿ ಹೀಗೆ ಬಂತು. ಗಾಳಿಯ ಹಂಗೇ ಇಲ್ಲ. ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ "ಹಲೋ ಹಲೋ" ಅನ್ನುತ್ತಿದ್ದೆವಲ್ಲ, ಇದು ಅದರ ಅಕ್ಕ.

ಇವತ್ತಿನ ಮಾತೆಲ್ಲ ಇಷ್ಟೇ. ಒಂದೇ ಸದ್ದು ಗಾಳಿಯಲ್ಲಿ ಒಂದು ಥರ, ನೀರಿನಲ್ಲಿ ಒಂದು ಥರ, ಕಲ್ಲು-ಕಬ್ಬಿಣದಲ್ಲಿ ಇನ್ನೊಂದು ಥರ ಯಾಕೆ ಓಡುತ್ತದೆ?

ಮೊದಲು ಸದ್ದು ಅಂದರೆ ಏನು ಅನ್ನೋದನ್ನು ಬೇಗ ಮುಗಿಸಿಬಿಡೋಣ. ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಗೆ ಕಾದು ಕಾದು ಕಲಿತ ಪಾಠ ಇದು. ನಿಂತ ಗೂಡ್ಸ್ ಗಾಡಿಗೆ ಎಂಜಿನ್ ಹಿಂದಿನಿಂದ ಬಂದು ಗುದ್ದುತ್ತದೆ. ಮೊದಲ ವ್ಯಾಗನ್ ಅರ್ಧ ಅಡಿ ಸರಿದು ಎರಡನೆಯದಕ್ಕೆ ಗುದ್ದುತ್ತದೆ, ಎರಡನೆಯದು ಮೂರನೆಯದಕ್ಕೆ. ಕಟ್ ಕಟ್ ಕಟ್ ಅಂತ ಆ ಗುದ್ದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಿಹೋಗುತ್ತದೆ. ವ್ಯಾಗನ್ ಒಂದೂ ಊರು ಬಿಟ್ಟು ಹೋಗಲಿಲ್ಲ. ಹೋದದ್ದು ಗುದ್ದು ಮಾತ್ರ. ಸದ್ದೂ ಹಾಗೆಯೇ. ನಾನು ಇಲ್ಲಿ ಮಾತಾಡಿದರೆ ನನ್ನ ಬಾಯಿಯ ಗಾಳಿ ನಿಮ್ಮ ಕಿವಿಗೆ ಬರುವುದಿಲ್ಲ. ಬಂದಿದ್ದರೆ ಬೆಳಿಗ್ಗೆ ತಿಂದ ಬೆಳ್ಳುಳ್ಳಿ ಚಟ್ನಿ ಹಿಂದಿನ ಸಾಲಿಗೂ ಗೊತ್ತಾಗುತ್ತಿತ್ತು.

ತಳ್ಳುವುದಕ್ಕೆ ಪಕ್ಕದಲ್ಲಿ ಯಾರೋ ಇರಬೇಕು. ಯಾರೂ ಇಲ್ಲದಿದ್ದರೆ ಸದ್ದೂ ಇಲ್ಲ. ಗಾಳಿ ಹೀರಿ ತೆಗೆದ ಗಾಜಿನ ಜಾಡಿಯೊಳಗೆ ಗಂಟೆ ಬಡಿದರೆ ಕೇಳುವುದಿಲ್ಲ ಎಂದು ನಿಮ್ಮ ಪುಸ್ತಕದಲ್ಲಿಯೇ ಇದೆ. ರಾಬರ್ಟ್ ಬಾಯ್ಲ್ 1660ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದ.

ಈಗ ನನ್ನ ತಪ್ಪೊಪ್ಪಿಗೆ.

ನಾನು ಎಷ್ಟೋ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಶಬ್ದದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಮೂರು ಚೌಕ ಬರೆಯುತ್ತಿದ್ದೆ. ಒಂದರಲ್ಲಿ ಚುಕ್ಕಿ ದೂರದೂರ, ಅದು ಅನಿಲ. ಇನ್ನೊಂದರಲ್ಲಿ ಹತ್ತಿರ, ಅದು ದ್ರವ. ಮೂರನೆಯದರಲ್ಲಿ ಒತ್ತಿಕೊಂಡು, ಅದು ಘನ. "ಕಣಗಳು ಹತ್ತಿರ ಇದ್ದಷ್ಟೂ ಸಾಂದ್ರತೆ ಜಾಸ್ತಿ, ಸಾಂದ್ರತೆ ಜಾಸ್ತಿ ಆದಷ್ಟೂ ಶಬ್ದದ ವೇಗ ಜಾಸ್ತಿ" ಎಂದು ಹೇಳಿ, ಅಡಿಗೆರೆ ಹಾಕಿ, ಚಾಕ್‌ಪೀಸ್ ಕೆಳಗಿಟ್ಟುಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ಪೂರ್ತಿ ಅಂಕ.

ಒಂದು ವರ್ಷ ಮೂರನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಐಸ್ ನೀರಿನ ಮೇಲೆ ತೇಲುತ್ತಲ್ಲ ಮಿಸ್, ಅಂದ್ರೆ ಐಸ್ ನೀರಿಗಿಂತ ಹಗುರ ಅಲ್ವಾ? ಹಾಗಾದ್ರೆ ಐಸಿನಲ್ಲಿ ಶಬ್ದ ನೀರಿಗಿಂತ ನಿಧಾನ ಹೋಗುತ್ತಾ?"

ನಾನು ಒಂದು ಕ್ಷಣವೂ ಯೋಚಿಸದೆ "ಹೌದು, ನಿಧಾನ" ಅಂದೆ. ನಿಯಮ ಹಾಗೇ ಹೇಳುತ್ತಿತ್ತಲ್ಲ. ಅವಳು ಬರೆದುಕೊಂಡಳು. ಮನೆಗೆ ಬಂದು ಅಕ್ಕಿ ಆರಿಸುತ್ತಾ ಕೂತಾಗ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು. ಐಸ್ ಘನ. ಘನದಲ್ಲಿ ಜಾಸ್ತಿ ವೇಗ ಅಂತಲೂ ನಾನೇ ಹೇಳಿದ್ದೆ. ಎರಡೂ ಹೇಗೆ ನಿಜವಾದೀತು?

ಅಂಕಿ ಹುಡುಕಿದೆ. ನೀವೇ ನೋಡಿ, ಮೂರೂ ಒಂದೇ ನೀರು. ಕುದಿಯುವ ನೀರಿನಿಂದ ಎದ್ದ ಹಬೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 470 ಮೀಟರ್ ಓಡುತ್ತದೆ. ಕೋಣೆಯಲ್ಲಿಟ್ಟ ನೀರಿನಲ್ಲಿ ಸುಮಾರು 1,480 ಮೀಟರ್. ಐಸಿನಲ್ಲಿ 3,800 ಮೀಟರಿನ ಆಸುಪಾಸು. ನೀರಿಗಿಂತ ಹಗುರವಾದ ಐಸಿನಲ್ಲಿ ಸದ್ದು ನೀರಿಗಿಂತ ಎರಡೂವರೆ ಪಟ್ಟು ಬೇಗ! ನನ್ನ ಅಡಿಗೆರೆ ಹಾಕಿದ ವಾಕ್ಯ ಅಲ್ಲೇ ಮುರಿದುಬಿತ್ತು.

ಮರುದಿನ ತರಗತಿಯಲ್ಲಿ ತಿದ್ದಿದೆ. ಆದರೆ ಹಿಂದಿನ ವರ್ಷಗಳ ಮಕ್ಕಳೆಲ್ಲ ಆ ವಾಕ್ಯ ಹಿಡಿದುಕೊಂಡೇ ಹೋಗಿದ್ದಾರೆ. ಅವರಲ್ಲಿ ಯಾರಾದರೂ ಈ ಸಭೆಯಲ್ಲಿ ಇದ್ದರೆ, ಇವತ್ತು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಹಾಗಾದರೆ ವೇಗ ಯಾವುದರ ಮೇಲೆ ನಿಂತಿದೆ? ಎರಡು ಗುಣಗಳ ಜಗಳದ ಮೇಲೆ. ಒಂದನ್ನು ನಾನು ಮೊಂಡುತನ ಅನ್ನುತ್ತೇನೆ. ಪುಸ್ತಕದಲ್ಲಿ ಅದಕ್ಕೆ ಸ್ಥಿತಿಸ್ಥಾಪಕತ್ವ ಅಂತ ಹೆಸರು, ಹೇಳುವಷ್ಟರಲ್ಲಿ ಸದ್ದು ಅರ್ಧ ಕಿಲೋಮೀಟರ್ ಹೋಗಿರುತ್ತದೆ. ಮೊಂಡುತನ ಅಂದರೆ, ಅದುಮಿದರೆ ಅದುಮಿಸಿಕೊಳ್ಳದೆ ತಟ್ಟನೆ ತಿರುಗಿ ತಳ್ಳುವ ಗುಣ. ಇದು ಜಾಸ್ತಿ ಇದ್ದರೆ ಗುದ್ದು ಬೇಗ ದಾಟುತ್ತದೆ. ಇನ್ನೊಂದು ಭಾರ. ಭಾರ ಇದ್ದದ್ದು ಎದ್ದು ಸರಿಯುವುದೇ ನಿಧಾನ. ಇದು ಜಾಸ್ತಿ ಇದ್ದರೆ ಗುದ್ದೂ ನಿಧಾನ. ಅಂದರೆ ಸಾಂದ್ರತೆ ಸದ್ದನ್ನು ಓಡಿಸುವುದಿಲ್ಲ, ಕಾಲು ಹಿಡಿದು ಎಳೆಯುತ್ತದೆ. ನಾನು ಕಲಿಸಿದ್ದಕ್ಕೆ ಪೂರ್ತಿ ತಿರುವುಮುರುವು.

ನೀರು ಮತ್ತು ಗಾಳಿಯನ್ನೇ ತಗೊಳ್ಳಿ. ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಭಾರ. ಬರೀ ಭಾರ ನೋಡಿದರೆ ನೀರಿನಲ್ಲಿ ಸದ್ದು ತೆವಳಬೇಕಿತ್ತು. ಆದರೆ ಮೊಂಡುತನದಲ್ಲಿ ನೀರು ಗಾಳಿಗಿಂತ ಸುಮಾರು 15,000 ಪಟ್ಟು ಮುಂದೆ. ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿ ಮುಚ್ಚಿ ಒತ್ತಿ ನೋಡಿ, ಒಳಗೆ ಹೋಗುತ್ತದೆ. ನೀರು ತುಂಬಿ ಒತ್ತಿ ನೋಡಿ, ಬೆರಳು ನೋಯುತ್ತದೆ. 15,000ವನ್ನು 800ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ನಾಲ್ಕು ಚಿಲ್ಲರೆ ಬರುತ್ತದೆ. ಗಾಳಿಯ 343 ಮೀಟರಿಗೆ ಅದನ್ನು ಗುಣಿಸಿದರೆ ನೀರಿನ 1,480 ಬಂದು ಕೂರುತ್ತದೆ. ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗೆ ಆದ ಖುಷಿ ಹೇಳತೀರದು.

ಸೀಸ ಇನ್ನೂ ಚೆನ್ನಾದ ಉದಾಹರಣೆ. ಸೀಸ ಕಬ್ಬಿಣಕ್ಕಿಂತ ಭಾರ, ಆದರೆ ಮೆತ್ತಗೆ. ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಕಬ್ಬಿಣದ ಸರಳಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5,000 ಮೀಟರ್ ಓಡಿದರೆ ಸೀಸದ ಸರಳಿನಲ್ಲಿ 1,200ರಷ್ಟು. ನೀರಿಗಿಂತಲೂ ಕಡಿಮೆ. ಸೀಸದ ಗಂಟೆ ಎರಕ ಹೊಯ್ಯಿಸಿದವರನ್ನು ಯಾರಾದರೂ ಕಂಡಿದ್ದೀರಾ? ಬಡಿದರೆ "ದಬ್" ಅಂದೀತು. ಮೆತ್ತನೆಯ ರಬ್ಬರ್ ಪಟ್ಟಿಯಲ್ಲಂತೂ ಗಾಳಿಗಿಂತಲೂ ನಿಧಾನ, ಅದು ಘನವೇ ಆದರೂ. ಇನ್ನೊಂದು ಕಡೆ ಹೀಲಿಯಂ. ಅನಿಲವೇ, ಆದರೆ ಎಷ್ಟು ಹಗುರ ಅಂದರೆ ಸದ್ದು ಅದರಲ್ಲಿ ಸೆಕೆಂಡಿಗೆ 1,000 ಮೀಟರ್ ಮುಟ್ಟುತ್ತದೆ. "ಘನದಲ್ಲಿ ಬೇಗ, ದ್ರವದಲ್ಲಿ ಮಧ್ಯಮ, ಅನಿಲದಲ್ಲಿ ನಿಧಾನ" ಅನ್ನೋದು ಸಾಮಾನ್ಯವಾಗಿ ಸರಿ. ಆದರೆ ಅದು ವಾಡಿಕೆ, ಕಾನೂನಲ್ಲ.

ಈಗ ಕಾಫಿ. ಫಿಲ್ಟರ್ ಕಾಫಿಯ ಅಭಿಮಾನಿಗಳು ಕಣ್ಣು ಮುಚ್ಚಿಕೊಳ್ಳಬೇಕು, ಇದಕ್ಕೆ ಇನ್‌ಸ್ಟಂಟ್ ಪುಡಿಯೇ ಆಗಬೇಕು. ಪಿಂಗಾಣಿ ಮಗ್ಗಿನಲ್ಲಿ ಸುಡು ನೀರು ಇದೆ. ಚಮಚದಿಂದ ಮಗ್ಗಿನ ತಳವನ್ನು ಒಳಗಿನಿಂದ ತಟ್ಟುತ್ತೇನೆ. ಟಕ್ ಟಕ್ ಟಕ್. ಈ ಸ್ವರ ನೆನಪಿಟ್ಟುಕೊಳ್ಳಿ. ಪುಡಿ ಹಾಕಿ ಒಂದು ಸಲ ತಿರುಗಿಸಿದೆ. ಈಗ ತಟ್ಟುತ್ತೇನೆ, ನಿಲ್ಲಿಸುವುದಿಲ್ಲ.

ಕೇಳಿಸಿತಾ? ಪುಡಿ ಬಿದ್ದ ಕೂಡಲೇ ಸ್ವರ ಧಡಾರ್ ಅಂತ ಕೆಳಗೆ ಇಳಿಯಿತು. ಈಗ ಮೆಲ್ಲಗೆ ಏರುತ್ತಿದೆ. ಟೊಕ್, ಟೊಕ್, ಟಕ್, ಟಕ್, ಟಿಕ್... ಯಾರೋ ವೀಣೆಯ ಬಿರಡೆ ತಿರುಗಿಸುತ್ತಿದ್ದಾರೆ ಅನ್ನಿಸುತ್ತದೆ ಅಲ್ವಾ? ಮಗ್ಗು ಅದೇ, ನೀರಿನ ಮಟ್ಟ ಹೆಚ್ಚುಕಡಿಮೆ ಅದೇ, ಚಮಚ ಅದೇ. ಬದಲಾಗಿದ್ದು ಗುಳ್ಳೆ. ಪುಡಿಯ ಜೊತೆ ಸಾವಿರಾರು ಪುಟ್ಟ ಗಾಳಿಗುಳ್ಳೆಗಳು ನೀರಿಗೆ ಇಳಿದವು.

ಇಲ್ಲೇ ಮಜಾ ಇರುವುದು. ಗುಳ್ಳೆ ಸೇರಿದ ನೀರಿನ ಭಾರ ಕಡಿಮೆ ಆಗಲಿಲ್ಲ, ಅದು ಹೆಚ್ಚುಕಡಿಮೆ ನೀರಿನ ಭಾರವೇ. ಆದರೆ ಮೊಂಡುತನ ಹೊರಟುಹೋಯಿತು. ಅದುಮಿದರೆ ನೀರು ಜಗ್ಗದಿದ್ದರೂ ಗುಳ್ಳೆಗಳು ಕುಗ್ಗುತ್ತವೆ. ನೀರಿನ ಭಾರ, ಗಾಳಿಯ ಮೆತ್ತಗಿನತನ. ಎರಡರ ಕೆಟ್ಟ ಗುಣವೂ ಒಂದೇ ಲೋಟದಲ್ಲಿ. ನೂರರಲ್ಲಿ ಒಂದು ಪಾಲು ಗುಳ್ಳೆ ಇದ್ದರೆ ಸಾಕು, ಸದ್ದಿನ ವೇಗ 1,480ರಿಂದ ನೂರು ಚಿಲ್ಲರೆ ಮೀಟರಿಗೆ ಬೀಳುತ್ತದೆ. ಅರ್ಧ ನೀರು, ಅರ್ಧ ಗುಳ್ಳೆ ಆದರೆ ಇಪ್ಪತ್ತು ಚಿಲ್ಲರೆ. ಹೆದ್ದಾರಿಯಲ್ಲಿ ಹೋಗುವ ಕಾರು ಆ ಸದ್ದನ್ನು ಹಿಂದೆ ಹಾಕೀತು. ನೀರಿಗಿಂತಲೂ ನಿಧಾನ, ಗಾಳಿಗಿಂತಲೂ ನಿಧಾನ! ಎರಡನ್ನೂ ಬೆರೆಸಿದರೆ ಎರಡರ ನಡುವಿನ ವೇಗ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆದ ಹಾಗೆ ನೀರಿನ ಮೊಂಡುತನ ಮರಳುತ್ತದೆ, ಸ್ವರ ಏರುತ್ತದೆ. ಇದಕ್ಕೆ ಹಾಟ್ ಚಾಕಲೇಟ್ ಪರಿಣಾಮ ಅಂತ ಹೆಸರು. ಕಾಫಿಪುಡಿ ಇಲ್ಲದಿದ್ದರೆ ಬಿಸಿನೀರಿಗೆ ಒಂದು ಚಮಚ ಉಪ್ಪು ಹಾಕಿದರೂ ಆಗುತ್ತದೆ.

ಗಾಳಿಯ ವಿಷಯ ಹೆಚ್ಚು ಹೇಳುವುದಿಲ್ಲ, ಅದು ನಿಮಗೆ ಗೊತ್ತಿರುವುದೇ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ಪ್ರತಿ ಡಿಗ್ರಿಗೆ 0.6 ಮೀಟರ್ ಸೇರಿಸುತ್ತಾ ಹೋಗಿ. ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ 356, ಮಡಿಕೇರಿಯ 12 ಡಿಗ್ರಿ ಚಳಿಯಲ್ಲಿ 338. ಎತ್ತರಕ್ಕೆ ಹೋದರೆ ಗಾಳಿ ತೆಳುವಾಗುತ್ತದೆ, ಆದರೂ ವೇಗ ತಗ್ಗುವುದಿಲ್ಲ. ಭಾರವೂ ಇಳಿಯುತ್ತದೆ, ಮೊಂಡುತನವೂ ಅಷ್ಟೇ ಇಳಿಯುತ್ತದೆ, ಜಗಳ ಸಮಸಮ. ಮುಳ್ಳಯ್ಯನಗಿರಿಯ ತುದಿಯಲ್ಲಿ ವೇಗ ಸ್ವಲ್ಪ ಕಡಿಮೆ ಇದ್ದರೆ ಅದಕ್ಕೆ ಚಳಿ ಕಾರಣ, ಎತ್ತರ ಅಲ್ಲ.

ಒಂದು ಸಮಾಧಾನ ಮಾತ್ರ ಹೇಳಿಬಿಡುತ್ತೇನೆ. ಗಾಳಿಯ ಮೊಂಡುತನವನ್ನು ಲೆಕ್ಕ ಹಾಕುವಾಗ ನ್ಯೂಟನ್ ಕೂಡ ಎಡವಿದ್ದ. 1687ರ ಅವನ ಲೆಕ್ಕಕ್ಕೂ ತೋಪು ಹಾರಿಸಿ ಅಳೆದ ವೇಗಕ್ಕೂ ನೂರಕ್ಕೆ ಹದಿನೈದರಷ್ಟು ವ್ಯತ್ಯಾಸ. ಗಾಳಿಯನ್ನು ತಟ್ಟನೆ ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದ ಮೇಲೆ ಅದರ ಬುಡ ಮುಟ್ಟಿ ನೋಡಿ. ಬಿಸಿಯಾದ ಗಾಳಿ ಇನ್ನೂ ಜೋರಾಗಿ ತಿರುಗಿ ತಳ್ಳುತ್ತದೆ. ಸದ್ದು ಎಷ್ಟು ಅವಸರದಲ್ಲಿ ಹೋಗುತ್ತದೆ ಅಂದರೆ ಆ ಬಿಸಿ ಆರಲು ಪುರುಸೊತ್ತೇ ಇಲ್ಲ. ನ್ಯೂಟನ್ ಇದನ್ನು ಬಿಟ್ಟಿದ್ದ. ಫ್ರಾನ್ಸಿನ ಲಾಪ್ಲಾಸ್ 1816ರಲ್ಲಿ ತಿದ್ದಿದ. ಸುಮಾರು 130 ವರ್ಷ! ನನ್ನ ಹುಡುಗಿ ಒಂದೇ ದಿನದಲ್ಲಿ ತಿದ್ದಿಸಿದಳು.

ಕರಾವಳಿಯ ಕಡೆಯವರು ಯಾರಾದರೂ ಇದ್ದೀರಾ? ರಾತ್ರಿ ಯಕ್ಷಗಾನದ ಚೆಂಡೆ ಎರಡು ಊರಿನ ಆಚೆಯಿಂದ ಕೇಳುತ್ತದೆ. ಹಗಲು ಅದೇ ಚೆಂಡೆ ಗದ್ದೆ ದಾಟುವುದಿಲ್ಲ. ರಾತ್ರಿ ಗದ್ದಲ ಕಡಿಮೆ ಅನ್ನೋದು ಅರ್ಧ ಕಾರಣ. ಉಳಿದರ್ಧ ಏನೆಂದರೆ, ರಾತ್ರಿ ನೆಲ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಮೇಲೆ ಸದ್ದು ಬೇಗ, ಕೆಳಗೆ ನಿಧಾನ. ಹಾಗಾಗಿ ಮೇಲಕ್ಕೆ ಹೊರಟ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಹಗಲು ಇದರ ಉಲ್ಟಾ. ಸದ್ದು ಆಕಾಶಕ್ಕೆ ಹೋಗಿಬಿಡುತ್ತದೆ.

ನೀರಿಗೆ ಬರೋಣ. ನಮ್ಮೂರ ತೋಟದ ಬಾವಿಯಲ್ಲಿ ನಾನು ಈಜು ಕಲಿತದ್ದು. ಅಣ್ಣಂದಿರು ನೀರೊಳಗೆ ಎರಡು ಕಲ್ಲು ಹಿಡಿದು ಕುಟ್ಟುತ್ತಿದ್ದರು. ನೀರಲ್ಲಿ ಮುಳುಗಿದವರು ಯಾವ ಮೂಲೆಯಿಂದ ಸದ್ದು ಬಂತು ಹೇಳಬೇಕು. ಒಬ್ಬರೂ ಗೆದ್ದದ್ದಿಲ್ಲ. ಸದ್ದು ಕಿವಿಗೆ ಬಂದ ಹಾಗೆ ಇರುತ್ತಿರಲಿಲ್ಲ, ತಲೆಯೊಳಗೇ ಯಾರೋ ಕುಟ್ಟಿದ ಹಾಗೆ ಇರುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಗಾಳಿಯಲ್ಲಿ ಬಲಗಡೆಯ ಸದ್ದು ಬಲಗಿವಿಗೆ ಮೊದಲು, ಎಡಗಿವಿಗೆ ಕೊಂಚ ತಡವಾಗಿ ಬರುತ್ತದೆ. ಆ ತಡ ಹೆಚ್ಚೆಂದರೆ ಸೆಕೆಂಡಿನ ಒಂದೂವರೆ ಸಾವಿರದಲ್ಲಿ ಒಂದು ಪಾಲು. ಮಿದುಳಿಗೆ ಅಷ್ಟು ಸಾಕು, ದಿಕ್ಕು ಹಿಡಿಯುತ್ತದೆ. ನೀರಲ್ಲಿ ವೇಗ ನಾಲ್ಕು ಪಟ್ಟು, ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ಸದ್ದು ಕಿವಿಯ ದಾರಿಗೂ ಕಾಯುವುದಿಲ್ಲ, ತಲೆಬುರುಡೆಯಿಂದಲೇ ಒಳಗೆ ಬರುತ್ತದೆ. ಮಿದುಳು ಕೈಚೆಲ್ಲುತ್ತದೆ.

ನೀರಿನಲ್ಲಿ ಸದ್ದಿನ ವೇಗ ಅಳೆದ ಕಥೆ ನನಗೆ ಬಹಳ ಇಷ್ಟ. 1826, ಜಿನೀವಾ ಸರೋವರ. ಕೊಲಾಡನ್ ಅನ್ನುವ ಭೌತವಿಜ್ಞಾನಿ, ಸ್ಟರ್ಮ್ ಅನ್ನುವ ಗಣಿತಜ್ಞ. ರಾತ್ರಿ ಹೊತ್ತು ಒಂದು ದೋಣಿಯಿಂದ ನೀರೊಳಗೆ ಗಂಟೆ ಇಳಿಬಿಟ್ಟರು. ಸುತ್ತಿಗೆಗೆ ಎಂಥ ಸನ್ನೆಕೋಲು ಜೋಡಿಸಿದ್ದರು ಅಂದರೆ, ಗಂಟೆ ಬಡಿದ ಕ್ಷಣವೇ ಮೇಲೆ ಮದ್ದಿಗೆ ಬೆಂಕಿ ತಗುಲಿ ಝಗ್ ಅನ್ನಬೇಕು. ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಲ್ಲಿ ಕೊಲಾಡನ್. ಉದ್ದನೆಯ ತಗಡಿನ ಕೊಳವೆಯ ಒಂದು ತುದಿ ನೀರಲ್ಲಿ, ಇನ್ನೊಂದು ಅವನ ಕಿವಿಯಲ್ಲಿ. ಬೆಳಕು ಕಂಡ ತಕ್ಷಣ ಗಡಿಯಾರ ಒತ್ತು, ಗಂಟೆ ಕೇಳಿದಾಗ ನಿಲ್ಲಿಸು. ಒಂಬತ್ತು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಬಂತು. ಎಂಟು ಡಿಗ್ರಿಯ ಆ ತಣ್ಣೀರಿನಲ್ಲಿ ಸೆಕೆಂಡಿಗೆ 1,435 ಮೀಟರ್ ಎಂದು ಅವರ ಲೆಕ್ಕ. ಇವತ್ತಿನ ಯಂತ್ರಗಳ ಲೆಕ್ಕಕ್ಕೂ ಅದಕ್ಕೂ ಕೆಲವೇ ಮೀಟರ್ ವ್ಯತ್ಯಾಸ. ಒಂದು ಗಂಟೆ, ಒಂದು ಕೊಳವೆ, ಚಳಿಯಲ್ಲಿ ನಡುಗುವ ಇಬ್ಬರು, ಅಷ್ಟೇ ಸಲಕರಣೆ.

ಆ ಕೊಳವೆ ಯಾಕೆ ಬೇಕಾಯಿತು ಗೊತ್ತೇ? ದೋಣಿಯಲ್ಲಿ ಸುಮ್ನೆ ಕೂತು ಕೇಳಿದರೆ ಏನೂ ಕೇಳುತ್ತಿರಲಿಲ್ಲ. ಸದ್ದಿಗೆ ಓಡುವುದು ಕಷ್ಟವಲ್ಲ, ಗಡಿ ದಾಟುವುದು ಕಷ್ಟ. ನೀರಿನಿಂದ ಗಾಳಿಗೆ ಅಥವಾ ಗಾಳಿಯಿಂದ ನೀರಿಗೆ ದಾಟುವಾಗ ಅದರ ಶಕ್ತಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ಆಚೆ ಹೋಗುತ್ತದೆ. ಉಳಿದದ್ದು ಗೋಡೆಗೆ ಎಸೆದ ಚೆಂಡಿನ ಹಾಗೆ ವಾಪಸ್. ಕೆರೆದಂಡೆಯಲ್ಲಿ ನಿಂತು ಕೂಗಿದರೆ ಮುಳುಗಿದ ಹುಡುಗನಿಗೆ ಕೇಳದಿರುವುದು ಇದಕ್ಕೇ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಗ ಹೊಟ್ಟೆಗೆ ತಣ್ಣನೆಯ ಜೆಲ್ ಸವರುತ್ತಾರಲ್ಲ, ಅದೂ ಇದಕ್ಕೇ. ಚರ್ಮಕ್ಕೂ ಯಂತ್ರಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಸದ್ದು ಒಳಗೆ ಹೋಗದು. ಮಲ್ಪೆಯ ದೋಣಿಗಳಲ್ಲಿ ಮೀನು ಹುಡುಕುವ ಯಂತ್ರ ಇರುತ್ತದೆ. ಅದು ಮೀನಿನ ಮೈಯನ್ನು ಅಷ್ಟಾಗಿ ಕಾಣುವುದೇ ಇಲ್ಲ, ಮೈಯೂ ಹೆಚ್ಚುಕಡಿಮೆ ನೀರೇ. ಅನೇಕ ಮೀನುಗಳ ಹೊಟ್ಟೆಯಲ್ಲಿ ಗಾಳಿ ತುಂಬಿದ ಚೀಲ ಇರುತ್ತದೆ. ಸದ್ದು ಜೋರಾಗಿ ತಿರುಗಿ ಬರುವುದು ಅದಕ್ಕೆ ಬಡಿದು.

ನಮ್ಮ ಕಿವಿ ಈ ಗಡಿಯನ್ನು ದಿನವೂ ದಾಟಿಸುತ್ತದೆ. ಹೊರಗೆ ಗಾಳಿ, ಒಳಗಿವಿಯಲ್ಲಿ ದ್ರವ. ನಡುವೆ ಮೂರು ಪುಟ್ಟ ಮೂಳೆ. ದೊಡ್ಡ ತಮಟೆಯ ಮೇಲೆ ಬಿದ್ದ ತಳ್ಳನ್ನು ಅವು ಸಾಸಿವೆಯಷ್ಟು ಕಿಟಕಿಗೆ ಒತ್ತಿ ಕೊಡುತ್ತವೆ. ಚಪ್ಪಲಿಯಲ್ಲಿ ತುಳಿದರೆ ಹೂತುಹೋಗದ ನೆಲಕ್ಕೆ ಮೊಳೆ ಇಳಿಯುತ್ತದಲ್ಲ, ಅದೇ ಉಪಾಯ.

ಮೇಲಿನ ಮನೆಯ ಗ್ರೈಂಡರಿನ ಸಂಕಟ ಇಲ್ಲಿ ಎಷ್ಟು ಜನಕ್ಕಿದೆ? ನನಗಿದೆ. ಬೆಳಿಗ್ಗೆ ಐದಕ್ಕೆ ದೋಸೆಹಿಟ್ಟು. ಕಿಟಕಿ ಮುಚ್ಚಿದೆ, ಕಿವಿಗೆ ಹತ್ತಿ ಇಟ್ಟೆ, ಏನೂ ಪ್ರಯೋಜನ ಆಗಲಿಲ್ಲ. ದಿಂಬಿಗೆ ಕಿವಿ ಒತ್ತಿದರೆ ಇನ್ನೂ ಜೋರು. ಆ ಸದ್ದು ಗಾಳಿಯಲ್ಲಿ ಬರುತ್ತಿರಲಿಲ್ಲ. ಗ್ರೈಂಡರಿನ ಕಾಲಿನಿಂದ ಕಟ್ಟೆ, ಕಟ್ಟೆಯಿಂದ ಸ್ಲ್ಯಾಬು, ಗೋಡೆ, ನನ್ನ ಮಂಚ. ಕೊನೆಗೆ ಒಂದು ದಪ್ಪ ರಬ್ಬರ್ ಮ್ಯಾಟ್ ಕೊಂಡು, ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆ ಮೇಲಿನ ಮನೆಗೆ ಕೊಟ್ಟು ಬಂದೆ. ಮೊಂಡು ಕಲ್ಲಿನ ನಡುವೆ ಮೆತ್ತನೆಯ ರಬ್ಬರ್ ಇಟ್ಟರೆ ಅದೊಂದು ಗಡಿ. ಸದ್ದು ಅಲ್ಲೇ ತಡವರಿಸುತ್ತದೆ. ಈಗ ಆರಕ್ಕೆ ಅಲಾರಂ ಇಟ್ಟುಕೊಳ್ಳಬೇಕಾಗಿದೆ.

ಗಡಿಯ ಈ ಗುಣ ನಮ್ಮ ಹಿರಿಯರಿಗೆ ಹೆಸರಿಲ್ಲದೆ ಗೊತ್ತಿತ್ತು. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುತ್ತೇವೆ. ಸೀಳು ಇದ್ದರೆ ಅದರೊಳಗೆ ಗಾಳಿ ಇರುತ್ತದೆ, ಸದ್ದು ಅಲ್ಲಿ ಸಾಯುತ್ತದೆ, "ಟಣ್" ಬದಲು "ಟಪ್" ಅನ್ನುತ್ತದೆ. ಅರಸೀಕೆರೆಯಲ್ಲಿ ನಾನು ಕಂಡ ಇನ್ನೊಬ್ಬರು, ಉದ್ದ ಹಿಡಿಯ ಸುತ್ತಿಗೆ ಹಿಡಿದು ನಿಂತ ರೈಲಿನ ಒಂದೊಂದೇ ಗಾಲಿಯನ್ನು ತಟ್ಟುತ್ತಾ ಹೋಗುತ್ತಿದ್ದರು. ತಲೆ ಎತ್ತುತ್ತಲೂ ಇರಲಿಲ್ಲ, ಬರೀ ಕೇಳುತ್ತಿದ್ದರು.

ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕುಪ್ಪಗಲ್ಲು ಅಂತ ಗುಡ್ಡಗಳಿವೆ. ನವಶಿಲಾಯುಗದ ಜನ ಬದುಕಿದ್ದ ಜಾಗ. ಅಲ್ಲಿನ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಎತ್ತು, ಮನುಷ್ಯರ ಕುಟ್ಟುಚಿತ್ರಗಳಿವೆ. ಅದೇ ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯ ಹಾಗೆ ಮೊಳಗುತ್ತವೆ. ತಟ್ಟಿ ತಟ್ಟಿ ನುಣುಪಾದ ಕುಳಿಗಳು ಅಲ್ಲಿವೆ. ಒಳಗೆ ಬಿರುಕಿಲ್ಲದ ಮೊಂಡು ಕಲ್ಲು, ಅದೂ ಕೆಳಗಿನ ಬಂಡೆಗೆ ಒಂದೆರಡು ಕಡೆ ಮಾತ್ರ ತಾಗಿ ಕೂತಿದ್ದರೆ, ಸದ್ದು ಹೊರಗೆ ಸೋರದೆ ಒಳಗೇ ಓಡಾಡುತ್ತದೆ. ಹಂಪಿಗೆ ಹೋದವರು ವಿಠ್ಠಲ ದೇವಸ್ಥಾನದ ಸ್ವರಕಂಬಗಳನ್ನು ನೋಡಿರುತ್ತೀರಿ. ಕುಪ್ಪಗಲ್ಲಿನವರು ಅದಕ್ಕೂ ಸಾವಿರಾರು ವರ್ಷ ಮುಂಚಿನವರು. ಆ ಗುಡ್ಡಗಳ ಸುತ್ತ ಕಲ್ಲುಗಣಿ ನಡೆದಿದೆ ಅನ್ನೋದು ನನಗೆ ಬೇಸರದ ಸಂಗತಿ. ಅಲ್ಲಿಗೆ ಹೋದರೆ ತಟ್ಟಬೇಡಿ, ಸುಮ್ನೆ ನೋಡಿ ಬನ್ನಿ.

ಘನಕ್ಕೆ ಮಾತ್ರ ಗೊತ್ತಿರುವ ಒಂದು ವಿದ್ಯೆ ಇದೆ. ಗಾಳಿ, ನೀರು ಮುಂದಕ್ಕೆ ತಳ್ಳುವ ಗುದ್ದನ್ನು ಮಾತ್ರ ಸಾಗಿಸುತ್ತವೆ. ಪಕ್ಕಕ್ಕೆ ಎಳೆದರೆ ಅವು ಜಾರಿಹೋಗುತ್ತವೆ. ಘನದ ಕಣಗಳು ಕೈಕೈ ಹಿಡಿದು ನಿಂತಿವೆ, ಪಕ್ಕಕ್ಕೆ ಎಳೆದರೂ ವಾಪಸ್ ಎಳೆಯುತ್ತವೆ. ಹಾಗಾಗಿ ಕಲ್ಲಿನಲ್ಲಿ ಎರಡು ಬಗೆಯ ಅಲೆ ಓಡುತ್ತವೆ. ತಳ್ಳುವ ಅಲೆ ಗ್ರಾನೈಟಿನಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಓಲಾಡುವ ಅಲೆ ಸುಮಾರು 3.5. ಭೂಕಂಪವಾದಾಗ ಮೊದಲು ಬರುವುದು ತಳ್ಳುವ ಅಲೆ, ಅದು ಸದ್ದಿನದೇ ಅಣ್ಣ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸಿದರೆ ಒಂದು ಕಿಲೋಮೀಟರ್ ಅನ್ನುತ್ತೇವಲ್ಲ, ಹಾಗೆಯೇ ಮೊದಲ ಅಲೆಗೂ ಎರಡನೆಯದಕ್ಕೂ ನಡುವೆ ಒಂದು ಸೆಕೆಂಡ್ ಅಂದರೆ ಸುಮಾರು 8 ಕಿಲೋಮೀಟರ್.

ಈ ಎರಡು ಅಲೆಗಳನ್ನು ಮೊದಲು ಬೇರೆ ಮಾಡಿ ಗುರುತಿಸಿದ್ದು ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಓಲ್ಡ್‌ಹ್ಯಾಮ್, 1897ರ ಅಸ್ಸಾಂ ಭೂಕಂಪದ ದಾಖಲೆಗಳನ್ನು ಹಿಡಿದು. ಆಮೇಲೆ 1906ರಲ್ಲಿ ಭೂಮಿಯ ನಡುವೆ ಬೇರೆಯದೇ ಆದ ತಿರುಳು ಇದೆ ಎಂದ. ಓಲಾಡುವ ಅಲೆ ಆ ತಿರುಳನ್ನು ದಾಟುವುದೇ ಇಲ್ಲ. ಯಾಕೆ? ಅಲ್ಲಿ ಕೈಹಿಡಿಯುವವರಿಲ್ಲ, ಅದು ದ್ರವ. 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ಇದನ್ನು ಗಟ್ಟಿ ಮಾಡಿದ. ನಮ್ಮ ಕಾಲಕೆಳಗೆ 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣದ ಕಡಲು ಇದೆ ಅಂತ ಯಾರೂ ಅಗೆದು ನೋಡಿದ್ದಲ್ಲ, ಮಡಕೆ ತಟ್ಟಿದ ಹಾಗೆ ಕೇಳಿ ತಿಳಿದದ್ದು. ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳ ಸಾಲೇ ಇದೆ. ಬೇರೆ ದೇಶದಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಬಂಡೆಗೆ ಕೇಳಿಸುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ. ಹಾಂ, ನೀನು ಕೇಳು ಪುಟ್ಟಿ.

(ಎರಡು ಜಡೆಯ ಹುಡುಗಿ: "ಚಂದ್ರನ ಮೇಲೆ ಗಾಳಿನೇ ಇಲ್ಲ. ಅಲ್ಲಿ ಏನೂ ಕೇಳಲ್ವಾ?")

ಗಾಳಿಯಲ್ಲಿ ಕೇಳಲ್ಲ. ಆದರೆ ನೆಲ ಇದೆಯಲ್ಲ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತು. ಅದರ ಜೊತೆ ಇಲ್ಸಾ ಅನ್ನುವ ಪುಟ್ಟ ಕಂಪನ ಮಾಪಕ ಹೋಗಿತ್ತು, ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ಮಾಡಿದ್ದು. ಅದನ್ನು ಚಂದ್ರನ ನೆಲಕ್ಕೆ ತಾಗಿಸಿ ಇಟ್ಟರು. 25ನೇ ತಾರೀಕು ಪ್ರಜ್ಞಾನ್ ರೋವರ್ ಓಡಾಡಿದ್ದು ಅದರಲ್ಲಿ ದಾಖಲಾಯಿತು. ಗಾಳಿಯಿಲ್ಲದ ಜಾಗದಲ್ಲಿ ಆರು ಗಾಲಿಯ ಗಾಡಿ ಹೋದದ್ದನ್ನು ನೆಲದ ನಡುಕವೇ ಹೇಳಿತು.

("ಹಾಗಾದ್ರೆ ಇಬ್ಬರು ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿಸಿ ಮಾತಾಡಿದ್ರೆ?")

ಕೇಳಬೇಕು. ಹೆಲ್ಮೆಟ್ಟಿನೊಳಗಿನ ಗಾಳಿ, ಗಾಜು, ಇನ್ನೊಂದು ಗಾಜು, ಮತ್ತೆ ಗಾಳಿ. ಗಡಿ ಎಷ್ಟಾಯಿತು ಎಣಿಸು. ಮಸುಕಾಗಿ ಕೇಳೀತು. ಇಲ್ಲೇ ಮಾಡಿ ನೋಡಬಹುದು. ನೀನೂ ನಿನ್ನ ಗೆಳತಿಯೂ ಕಿವಿ ಗಟ್ಟಿಯಾಗಿ ಮುಚ್ಚಿಕೊಳ್ಳಿ. ಹಣೆಗೆ ಹಣೆ ತಾಗಿಸಿ. ಒಬ್ಬಳು ಬಾಯಿ ಮುಚ್ಚಿಕೊಂಡು "ಮ್‌ಮ್‌ಮ್" ಅನ್ನು. ಈಗ ಹಣೆ ಒಂದು ಬೆರಳು ದೂರ ಮಾಡಿ. ಮತ್ತೆ ತಾಗಿಸಿ.

ಎಲ್ಲರೂ ಮಾಡುತ್ತಿದ್ದೀರಿ, ಸಂತೋಷ. ಮುಗಿದ ಮೇಲೆ ಚಮಚಗಳನ್ನು ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಹಾಕಿ ಹೋಗಿ, ಅವು ನಮ್ಮ ಮನೆಯವು. ದಾರ ನೀವೇ ಇಟ್ಟುಕೊಳ್ಳಿ.